ಇಕಿಗೈ

ಜಪಾನೀ ನಾಮಪದ. ‘ಇಕಿ’ ಎಂದರೆ ಬದುಕು. ‘ಕೈ’ ಎಂದರೆ ಸಾರ್ಥಕತೆ, ಪಟ್ಟ ಶ್ರಮಕ್ಕೆ ಸಿಗುವ ಫಲ. ನಮ್ಮಲ್ಲಿ ಮಳೆ+ಕಾಲ ‘ಮಳೆಗಾಲ’ ಆದಂತೆ ಇಲ್ಲೂ ಕಕಾರ ಗಕಾರವಾಗಿದೆ. ದುಡಿಮೆಯ ಸಾರ್ಥಕತೆಗೆ ‘ಹತರಕಿಗೈ’ ಎನ್ನುತ್ತಾರೆ.

ಬಳಕೆ: ‘ಮೊಮ್ಮಗಳೇ ನನ್ನ ಇಕಿಗೈ’, ‘ಹಿತ್ತಲ ತರಕಾರಿ ಮಡಿಯೇ ನನ್ನ ಇಕಿಗೈ’. ಸಂಬಳ, ಸಾಧನೆಗಳ ಹಂಗು ಈ ಪದಕ್ಕಿಲ್ಲ.

ನಾಗಶಿಮಾ ದ್ವೀಪದ ಕುಷ್ಠರೋಗ ಚಿಕಿತ್ಸಾಲಯದಲ್ಲಿ ದುಡಿದ ಮನೋವೈದ್ಯೆ ಮಿಯೆಕೊ ಕಮಿಯಾ 1966ರಲ್ಲಿ ಇಕಿಗೈ ಕುರಿತೇ ಒಂದು ಪುಸ್ತಕ ಬರೆದರು. ಮನೆ, ಊರು, ಆರೋಗ್ಯ ಎಲ್ಲವನ್ನೂ ಕಳೆದುಕೊಂಡವರಲ್ಲೂ ಬದುಕುವ ಹುರುಪನ್ನು ಅವರು ಕಂಡಿದ್ದರು. ಸುಖಕ್ಕಿಂತ ಇಕಿಗೈ ನಾಳೆಯತ್ತ ಹೆಚ್ಚು ಮುಖ ಮಾಡಿದ್ದು ಎಂಬುದು ಅವರ ವಿವರಣೆ. ಇಂದು ಎಷ್ಟೇ ಕಷ್ಟವಿರಲಿ, ನಾಳೆಗೊಂದು ಗುರಿಯಿದ್ದವರಿಗೆ ಅದು ದಕ್ಕುತ್ತದೆ.