ಅಮೃತಮಹಲಿನ ಕಾವಲುಗಳೂ ಋತುಕ್ರಮದ ಪಶುಪಾಲನೆಯೂ

ಕನ್ನಡ ವಾಙ್ಮಯದಲ್ಲಿ ಪಶುವೈದ್ಯದ ಮಾತು ಬಂದೊಡನೆ ಪಂಡಿತರ ದೃಷ್ಟಿಯು ಕೀರ್ತಿವರ್ಮನ ಗೋವೈದ್ಯದ ಕಡೆಗೆ ಹರಿಯುವುದು ಸಹಜವಾದುದು. ಚಾಲುಕ್ಯ ತ್ರೈಲೋಕ್ಯಮಲ್ಲನ ಮಗನೂ ಆರನೆಯ ವಿಕ್ರಮಾದಿತ್ಯನ ಸೋದರನೂ ಆದ ಈ ರಾಜಕುಮಾರನು ದನಗಳ ರೋಗಗಳಿಗೆ ಮದ್ದನ್ನೂ ಮಂತ್ರವನ್ನೂ ಕೂಡಿಸಿ ಹೇಳಿರುವನು. ಅದಕ್ಕೆ ಮುಂಚೆ, 1025ರ ಸುಮಾರಿನಲ್ಲಿ, ಗೊಮ್ಮಟಪ್ರತಿಷ್ಠಾಪಕನಿಂದ ಬೇರೆಯಾದ ಮತ್ತೊಬ್ಬ ಚಾವುಂಡರಾಯನು ರಚಿಸಿದ ಲೋಕೋಪಕಾರದಲ್ಲಿಯೂ ಪಶುಚಿಕಿತ್ಸೆಗೆ ಎಡೆಯುಂಟು. ಆದರೆ ನಾಡಿನ ಪಶುಪಾಲನೆಯ ಅರಿವೆಲ್ಲವೂ ಗ್ರಂಥಸ್ಥವಾಗಿರುವುದೆಂದು ಭಾವಿಸುವುದು ಯುಕ್ತವಲ್ಲ. ಮದ್ದೆಂಬುದು ಬಂದ ರೋಗಕ್ಕೆ. ಯಾವ ಕಾಲದಲ್ಲಿ ದನಗಳನ್ನು ಎಲ್ಲಿರಿಸಬೇಕು, ಯಾವ ಹುಲ್ಲನ್ನು ಯಾವಾಗ ಮೇಯಿಸಬೇಕು ಎಂಬ ತಿಳಿವಳಿಕೆಗೆ ಮೈಸೂರು ಸೀಮೆಯ ಕಾವಲುಗಳ ಏರ್ಪಾಟನ್ನೇ ನೋಡಬೇಕಾಗುತ್ತದೆ.

ಚಿಕ್ಕದೇವರಾಜ ಒಡೆಯರ (1672–1704) ಕಾಲದಲ್ಲಿ ಅರಮನೆಯ ಹಾಲುಬೆಣ್ಣೆಗಾಗಿ ಸಾಕಿದ ಹಸುಗಳ ಇಲಾಖೆಗೆ ‘ಬೆಣ್ಣೆಚಾವಡಿ’ ಎಂದು ಹೆಸರಿದ್ದಿತು. ಹೈದರನ ಕಾಲಕ್ಕೆ ಇದರ ಮುಖ್ಯ ಪ್ರಯೋಜನವು ಬೆಣ್ಣೆಯಿಂದ ಫಿರಂಗಿಗೆ ತಿರುಗಿತು. ದಂಡಿನ ಸಾಮಾನನ್ನೆಳೆಯುವ ಎತ್ತುಗಳು ಬೇಕಾದುವು. ಟಿಪ್ಪುವು ಅದಕ್ಕೆ ‘ಅಮೃತಮಹಲು’ ಎಂದು ಹೆಸರಿಟ್ಟು, ಅದರ ಆಡಳಿತಕ್ಕೆ ಹುಕುಂನಾಮೆಯನ್ನು ಹೊರಡಿಸಿದನು. ಈ ಹಿಂಡುಗಳಿಗೆಂದು ಮೀಸಲಿಟ್ಟ ಹುಲ್ಲುಗಾವಲುಗಳೇ ಕಾವಲುಗಳು.

ಕಾವಲುಗಳನ್ನು ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂದು ಮೂರು ಬಗೆಯಾಗಿ ವಿಂಗಡಿಸಿದ್ದರು. ಬೇಸಿಗೆಯ ಕಾವಲುಗಳು ಸಾಮಾನ್ಯವಾಗಿ ಕೆರೆಯಂಗಳಗಳು. ಸುತ್ತಲ ನೆಲ ಒಣಗಿದಾಗಲೂ ಅಲ್ಲಿ ಹಸಿರು ಉಳಿದಿರುವುದು, ಕುಡಿಯಲು ನೀರೂ ಬಿಸಿಲಿಗೆ ಮರದ ನೆರಳೂ ದೊರೆಯುವುದು. ಉಳಿದೆರಡು ಬಗೆಯ ಕಾವಲುಗಳು ಹಳ್ಳಕೊಳ್ಳಗಳು ಹರಿಯುವವರೆಗೆ ಮಾತ್ರ ಉಪಯುಕ್ತವಾಗಿದ್ದು, ಬೇಸಿಗೆಯಲ್ಲಿ ಬತ್ತಿಹೋಗುವಂಥವು. ಹೀಗಾಗಿ ಬೇಸಿಗೆಯ ಕಾವಲಿಗೇ ಬೆಲೆ ಹೆಚ್ಚು. ಮಳೆ ಬಿದ್ದು ಹಿಂಡುಗಳು ಹೊರಟ ಮೇಲೆ ಅಲ್ಲಿ ದನ ನುಗ್ಗದಂತೆ ಮುಂದಿನ ಬೇಸಿಗೆಯವರೆಗೂ ಕಾಯುತ್ತಿದ್ದರು.

ಈ ಕ್ರಮದ ಪ್ರಯೋಜನವು ಹುಲ್ಲಿನ ಉಳಿತಾಯದಲ್ಲಿ ಮುಗಿಯುವುದಿಲ್ಲ. ದನವಿಲ್ಲದೆ ತಿಂಗಳುಗಟ್ಟಲೆ ಬಿಟ್ಟ ಹುಲ್ಲುಗಾವಲಿನಲ್ಲಿ ಹೊಟ್ಟೆಹುಳುಗಳ ಮರಿಗಳೂ ಉಣ್ಣೆಗಳೂ ಆಹಾರವಿಲ್ಲದೆ ಬಹುಮಟ್ಟಿಗೆ ನಶಿಸುತ್ತವೆ. ಬೇಸಿಗೆಯ ಕೊನೆಯಲ್ಲಿ ಬಡಕಲಾದ ದನಕ್ಕೆ ಮುಂಗಾರಿನೊಡನೆ ಗಂಟಲು ಬಾತು ಉಸಿರುಕಟ್ಟಿಸುವ ಗಳಲೆರೋಗವು ಸುಲಭವಾಗಿ ತಗಲುವುದು. ಮೈತುಂಬಿಕೊಂಡ ದನವು ಅದನ್ನು ಕೊಂಚ ಮಟ್ಟಿಗೆ ತಡೆಯಬಲ್ಲುದು. ಆದಕಾರಣ ಬೇಸಿಗೆಯ ಮೇವು ಮಳೆಗಾಲದ ಆರೋಗ್ಯಕ್ಕೂ ಆಧಾರವಾಗಿದ್ದಿತು. ಚಪ್ಪೆರೋಗದ ಬೀಜಾಣುಗಳು ಮಣ್ಣಿನಲ್ಲಿ ವರ್ಷಾನುವರ್ಷ ಉಳಿಯುವುವಾದುದರಿಂದ ಅದಕ್ಕೆ ಈ ಕ್ರಮದಿಂದ ಪೂರ್ಣ ಪರಿಹಾರವಿಲ್ಲ. ಈ ಎರಡು ರೋಗಗಳಿಗೂ ಮುಂಗಾರಿಗೆ ಮುಂಚೆಯೇ ಲಸಿಕೆ ಹಾಕಿಸುವುದು ಈಗಿನ ಪದ್ಧತಿ. ಮಳೆ ತಪ್ಪಿ ಬಾಡಿದ ಎಳೆಯ ಜೋಳದ ಪೈರು ದನಕ್ಕೆ ವಿಷವಾಗುವುದೂ ಇದೇ ಋತುವಿನಲ್ಲಿಯೇ. ಹಿಂಡಿಗೆ ಕಾವಲಿದ್ದರೆ ಅದು ಹೊಲಕ್ಕೆ ಹೋಗುವ ಪ್ರಸಕ್ತಿಯೇ ಕಡಮೆ.

ಈ ಏರ್ಪಾಟನ್ನು ನಿರ್ದುಷ್ಟವೆಂದು ಹೊಗಳುವುದೂ ತಪ್ಪಾದೀತು. ನೀರು ಇಳಿಯುತ್ತಿರುವ ಕೆರೆಯಂಚಿನ ಹುಲ್ಲಿನಲ್ಲಿ, ಬಸವನಹುಳುವಿನಿಂದ ಹೊರಬಿದ್ದ ಯಕೃತ್ತಿನ ಹುಳುವಿನ ಮರಿಗಳು ಅಂಟಿಕೊಂಡಿರುತ್ತವೆ. ಬೇಸಿಗೆಯ ಕಾವಲಿನ ಸೊಂಪಿಗೆ ತೆರಬೇಕಾದ ಬೆಲೆಯದು. ಇನ್ನು ಸಂಕ್ರಾಂತಿಯ ಸಂಜೆ ದನಗಳನ್ನು ಕಿಚ್ಚು ಹಾಯಿಸುವುದು ಉಣ್ಣೆ ಸುಡುವ ಉಪಾಯವೆಂದು ಕೆಲವರು ವಿವರಿಸುವುದುಂಟು. ಕ್ಷಣಮಾತ್ರದ ಜ್ವಾಲೆಗೆ ಚರ್ಮವನ್ನು ಕಚ್ಚಿ ಹಿಡಿದ ಉಣ್ಣೆ ಉದುರುವುದೆಂಬುದು ನಂಬತಕ್ಕ ಮಾತಲ್ಲ. ಹಬ್ಬವನ್ನು ಹಬ್ಬವೆಂದೇ ಬಿಡುವುದು ಲೇಸು.

ಋತುಕ್ರಮಕ್ಕೆ ಸ್ವಲ್ಪವೂ ಮಣಿಯದಿದ್ದುದು ದೊಡ್ಡರೋಗ. ಅದು ಕಾಲವನ್ನು ನೋಡದೆ, ದನದಿಂದ ದನಕ್ಕೆ ಹರಡುತ್ತಿದ್ದಿತು. ಒಂದೆಡೆಯಿಂದ ಇನ್ನೊಂದೆಡೆಗೆ ಸಾಗುವ ಹಿಂಡುಗಳೇ ಅದರ ವಾಹನಗಳಾಗುತ್ತಿದ್ದುವು. ಅದನ್ನು ಗೆದ್ದ ಯಶಸ್ಸು ಲಸಿಕೆಗೆ ಸಲ್ಲತಕ್ಕದ್ದು. ಭಾರತದಲ್ಲಿ 1954ರಲ್ಲಿ ರಾಷ್ಟ್ರವ್ಯಾಪಿಯಾದ ನಿರ್ಮೂಲನ ಕಾರ್ಯವು ಮೊದಲಾಯಿತು. 1995ರ ತರುವಾಯ ಆ ರೋಗವು ಇಲ್ಲಿ ಕಾಣಿಸಲಿಲ್ಲ. 2011ರಲ್ಲಿ ಜಗತ್ತಿನಿಂದಲೇ ಅಳಿಯಿತೆಂದು ಸಾರಲಾಯಿತು.

ಏರ್ಪಾಟು ಮುರಿದಾಗ ಏನಾಗುವುದೆಂಬುದಕ್ಕೆ ಅಮೃತಮಹಲಿನ ಚರಿತ್ರೆಯಲ್ಲಿಯೇ ನಿದರ್ಶನಗಳಿವೆ. ಶ್ರೀರಂಗಪಟ್ಟಣದ ಪತನಾನಂತರ ಹಿಂಡುಗಳ ಪಾಲನೆ ಸಡಿಲವಾಗಿ ತಳಿಯು ಕ್ಷೀಣಿಸಿತು. 1813ರಲ್ಲಿ ಮದರಾಸು ಸೈನ್ಯದ ಕ್ಯಾಪ್ಟನ್ ಹಾರ್ವೆಗೆ ಅದನ್ನು ಒಪ್ಪಿಸಬೇಕಾಯಿತು. 1860ರಲ್ಲಿ ಮದರಾಸಿನ ಗವರ್ನರನಾಗಿದ್ದ ಸರ್ ಚಾರ್ಲ್ಸ್ ಟ್ರೆವಿಲಿಯನ್ನನು ಮಿತವ್ಯಯದ ನೆಪದಿಂದ ಇಲಾಖೆಯನ್ನೇ ಎತ್ತಿಬಿಟ್ಟನು. ಒಳ್ಳೆಯ ಎತ್ತು ಸಿಕ್ಕದಾಗಲು 1866ರಲ್ಲಿ ಅದನ್ನೇ ಪುನಃ ಸ್ಥಾಪಿಸಿದರು. ಆರು ವರ್ಷದ ಆ ಉಳಿತಾಯವು ದುಬಾರಿಯದೇ ಸರಿ. 1882ರಲ್ಲಿ ಇಲಾಖೆಯು ಮೈಸೂರು ಸರಕಾರದ ವಶಕ್ಕೆ ಬಂದಿತು.

ತಳಿಯನ್ನು ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರದ ಕೇಂದ್ರವು ಕಾಪಾಡಿಕೊಂಡು ಬಂದಿರುವುದು. ಕಾವಲುಗಳ ವಿಷಯದಲ್ಲಿ ಅಷ್ಟು ಎಚ್ಚರ ಕಂಡುಬಂದಿಲ್ಲ. ಸಾಗುವಳಿಗೂ ಇತರ ಕಾರ್ಯಗಳಿಗೂ ಅವು ತುಂಡುತುಂಡಾಗಿ ಹೋದುವು. 2008ರ ತರುವಾಯ ಚಳ್ಳಕೆರೆ ತಾಲ್ಲೂಕಿನ ಕುದಾಪುರ, ಉಳ್ಳಾರ್ತಿ, ವರವು ಮೊದಲಾದ ಕಾವಲುಗಳಲ್ಲಿ ಸುಮಾರು 10,000 ಎಕರೆ ನೆಲವು ವಿಜ್ಞಾನ, ರಕ್ಷಣೆ ಮುಂತಾದ ಸಂಸ್ಥೆಗಳಿಗೆ ಸಂದಿತು. ವಿವಾದವು ಹಸಿರು ನ್ಯಾಯಮಂಡಲಿಯವರೆಗೂ ಹೋಯಿತು. ಬೇಲಿ ಬಿದ್ದ ನೆಲದಲ್ಲಿ ದನಕುರಿಗಳನ್ನು ಮೇಯಿಸುತ್ತಿದ್ದ ಸುತ್ತಣ ಹಳ್ಳಿಗರು, ಉಳಿದ ನೆಲದಲ್ಲಿಯೇ ಮೂರು ಋತುಗಳನ್ನೂ ಕಳೆಯಬೇಕಾಗಿದೆ.