‘ನೇಟಿವ್’ ಎಂಬ ವಿಶೇಷಣ

ವಸಾಹತು ಕಾಲದ ಆಡಳಿತ ಭಾಷೆಯ ಮೇಲೆ ಸಂಶೋಧನೆ ಮಾಡುತ್ತಿರುವ ನನಗೆ ಹೆಜ್ಜೆಹೆಜ್ಜೆಗೂ ಎದುರಾಗುವ ವಿಶೇಷಣ ‘ನೇಟಿವ್’. ನೇಟಿವ್ ಇನ್‌ಫೆಂಟ್ರಿ, ನೇಟಿವ್ ಡಾಕ್ಟರ್, ನೇಟಿವ್ ಸಂಸ್ಥಾನ. ಓದುತ್ತ ಹೋದಂತೆ ಇದು ಊರನ್ನಲ್ಲ, ದರ್ಜೆಯನ್ನು ಹೇಳುವ ಪದ ಅನ್ನಿಸತೊಡಗುತ್ತದೆ.

ಮೂಲದಲ್ಲಿ ಅದು ನಿರುಪದ್ರವಿ ಪದವೇ. ಲ್ಯಾಟಿನ್‌ನಲ್ಲಿ ‘ನಾಸ್ಕಿ’ ಎಂದರೆ ಹುಟ್ಟುವುದು. ‘ನಾಟಿವುಸ್’ ಎಂದರೆ ಹುಟ್ಟಿನಿಂದ ಬಂದದ್ದು. (ಸಂಸ್ಕೃತದ ‘ಜನ್’ ಧಾತು ಇದರ ದೂರದ ದಾಯಾದಿ. ಹಾಗಾಗಿ ನಮ್ಮ ‘ಜಾತಿ’ಯೂ ಈ ಪದಕ್ಕೆ ನೆಂಟನೇ!) ಆದರೆ ಮಧ್ಯಯುಗದ ಇಂಗ್ಲೆಂಡಿನ ಲ್ಯಾಟಿನ್ ದಾಖಲೆಗಳಲ್ಲಿ ‘ನಾಟಿವುಸ್’ ಎಂದರೆ ಹುಟ್ಟಿನಿಂದಲೇ ಭೂಒಡೆಯನಿಗೆ ಕಟ್ಟುಬಿದ್ದ ಜೀತದ ಒಕ್ಕಲು. ಕಂಪನಿ ಭಾರತಕ್ಕೆ ಬರುವ ಶತಮಾನಗಳ ಮೊದಲೇ ಅಲ್ಲಿನ ರೈತರೇ ಈ ಹಣೆಪಟ್ಟಿ ಹೊತ್ತಿದ್ದರು.

1833ರ ಚಾರ್ಟರ್ ಕಾಯ್ದೆಯ 87ನೆಯ ಕಲಮಿನ ಮುಂದೆ ನಾನು ಬಹಳ ಹೊತ್ತು ಕೂತಿದ್ದೇನೆ. ಧರ್ಮ, ಹುಟ್ಟಿದ ಸ್ಥಳ, ವಂಶ, ಬಣ್ಣ ಇವುಗಳ ಕಾರಣಕ್ಕಷ್ಟೇ ಯಾರಿಗೂ ಕಂಪನಿಯ ಹುದ್ದೆ ತಪ್ಪಬಾರದು ಎನ್ನುವ ಉದಾರ ಕಲಮು ಅದು. ಆದರೆ ಅದರೊಳಗೆ ಜನ ಎರಡು ಬಗೆ. ಇಲ್ಲಿಯವರು ‘ನೇಟಿವ್’, ಇಲ್ಲಿ ನೆಲೆಸಿದ ದೊರೆಯ ಪ್ರಜೆಗಳು ‘ನ್ಯಾಚುರಲ್ ಬಾರ್ನ್’. ನೇಟಿವ್, ನ್ಯಾಚುರಲ್ ಎರಡೂ ಅದೇ ನಾಸ್ಕಿಯ ಮಕ್ಕಳು! ಸಮಾನತೆ ಸಾರುವ ವಾಕ್ಯವೇ ಹುಟ್ಟನ್ನು ಎರಡಾಗಿ ಸೀಳಿತ್ತು. ಸಿವಿಲ್ ಸರ್ವಿಸ್‌ಗೆ ಮೊದಲ ಭಾರತೀಯನಾಗಿ ಸತ್ಯೇಂದ್ರನಾಥ ಟಾಗೋರ್ ಆಯ್ಕೆಯಾದದ್ದು 1863ರಲ್ಲಿ, ಕಾಯ್ದೆ ಬಂದು ಮೂವತ್ತು ವರ್ಷಗಳಾದ ಮೇಲೆ.

ಪದ ಎಲ್ಲೆಡೆ ಕೀಳೇ ಆಗಿರಲಿಲ್ಲ. 1840ರ ದಶಕದ ಅಮೆರಿಕದಲ್ಲಿ ‘ನೇಟಿವ್ ಅಮೆರಿಕನ್’ ಎಂದು ಹೆಮ್ಮೆಯಿಂದ ಪಕ್ಷ ಕಟ್ಟಿದವರು ಮೂಲನಿವಾಸಿಗಳಲ್ಲ. ಐರಿಷ್ ಕ್ಯಾಥೊಲಿಕ್ ವಲಸಿಗರನ್ನು ಕಂಡರಾಗದ ಬಿಳಿಯರು. ದಕ್ಷಿಣ ಆಫ್ರಿಕಾದಲ್ಲಿ ಮಾತ್ರ 1913ರ ನೇಟಿವ್ಸ್ ಲ್ಯಾಂಡ್ ಆಕ್ಟ್ ಆ ನೆಲದವರಿಂದಲೇ ನೆಲ ಕಿತ್ತುಕೊಂಡಿತು. ಯಾರ ಬಾಯಲ್ಲಿದೆ ಎಂಬುದರ ಮೇಲೆ ಪದದ ಬೆಲೆ.

ನಮ್ಮ ಬಾಯಲ್ಲಿ ಅದು ವಿಶೇಷಣವಾಗಿಯೂ ಉಳಿಯಲಿಲ್ಲ. ‘ಹಬ್ಬಕ್ಕೆ ನೇಟಿವ್‌ಗೆ ಹೋಗ್ತಿದೀವಿ’ ಎಂದು ಬೆಂಗಳೂರಿನವರು ಹೇಳುವಾಗ ಅದರಲ್ಲಿ ಕಂಪನಿಯೂ ಇಲ್ಲ, ಜೀತವೂ ಇಲ್ಲ. ಅಜ್ಜಿ ಮನೆಯ ಹಿತ್ತಲಿದೆ. ಅವಮಾನದ ಪದವೊಂದನ್ನು ಇಷ್ಟು ಸಲೀಸಾಗಿ ಊರು ಮಾಡಿಕೊಂಡದ್ದು ನನಗೆ ಇಷ್ಟ.

ಆದರೂ ಬಾಡಿಗೆ ಮನೆ ನೋಡಲು ಹೋದಾಗ ‘ನಿಮ್ಮ ನೇಟಿವ್ ಯಾವುದಮ್ಮ?’ ಎಂದವರು ಊರಿನ ಹೆಸರಿಗೆ ತೃಪ್ತರಾಗುವುದಿಲ್ಲ. ಊರಲ್ಲಿ ಯಾವ ಬೀದಿ, ತಂದೆಯ ಪೂರ್ತಿ ಹೆಸರೇನು, ಮನೆದೇವರು ಯಾರು ಎಂದು ಪ್ರಶ್ನೆ ಬೆಳೆಯುತ್ತದೆ. ನಾನು ಊರಿನ ಹೆಸರನ್ನೇ ಇನ್ನೊಮ್ಮೆ ಹೇಳಿ, ಅಡ್ವಾನ್ಸ್ ಎಷ್ಟು ಎಂದು ಕೇಳುತ್ತೇನೆ.