ಸಣ್ಣ ಕಾರು, ದೊಡ್ಡ ಮಳೆ: ಬೆಳಗಾವಿ–ಖಾನಾಪುರದಲ್ಲಿ ತುಕ್ಕು ಮತ್ತು ಸೋರಿಕೆಯ ಚರಿತ್ರೆ

ಬೆಳಗಾವಿ–ಖಾನಾಪುರ ಭಾಗದಲ್ಲಿ ಹಳೆಯ ಸಣ್ಣ ಕಾರಿನ ಆಯುಸ್ಸನ್ನು ಎಂಜಿನ್‌ಗಿಂತ ಹೆಚ್ಚಾಗಿ ಅದರ ತಗಡೇ ನಿರ್ಧರಿಸುತ್ತ ಬಂದಿದೆ. ಎಂಜಿನ್ ಕೆಟ್ಟರೆ ಬಿಚ್ಚಿ ಹೊಸ ಭಾಗ ಹಾಕಬಹುದು. ನೆಲದ ತಗಡು ಕರಗಿಹೋದ ಗಾಡಿಯನ್ನು ಉಳಿಸುವುದು ಕಷ್ಟ. ಇದಕ್ಕೆ ಕಾರಣ ಮಳೆ. ಬೆಳಗಾವಿ ನಗರದಲ್ಲಿ ವರ್ಷಕ್ಕೆ ಸುಮಾರು 1,300 ಮಿ.ಮೀ. ಮಳೆ ಬಿದ್ದರೆ, 25 ಕಿ.ಮೀ. ದೂರದ ಖಾನಾಪುರದಲ್ಲಿ ಅದು ಇನ್ನೂ ಹೆಚ್ಚು. ಅಲ್ಲಿಂದ ಪಶ್ಚಿಮಕ್ಕೆ, ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆಗೆ ಹೋದಂತೆ ಅದರ ಪ್ರಮಾಣ ಹಲವು ಪಟ್ಟು ಏರುತ್ತದೆ. ಅದೇ ತಾಲ್ಲೂಕಿನ ಅಮಗಾಂವ ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಬೀಳುವ ಊರುಗಳ ಸಾಲಿಗೆ ಸೇರಿದೆ. ಇದೇ ಜಿಲ್ಲೆಯ ಅಥಣಿಗೆ ಸಿಗುವುದು ಕೇವಲ 500–600 ಮಿ.ಮೀ. ಗಾಳಿಯ ತೇವಾಂಶ ಶೇ. 60 ದಾಟಿದ ಮೇಲೆ ಉಕ್ಕಿಗೆ ತುಕ್ಕು ಹಿಡಿಯುವ ವೇಗ ಏರುತ್ತದೆ. ಜುಲೈ–ಆಗಸ್ಟ್‌ನಲ್ಲಿ ಖಾನಾಪುರದ ಗಾಳಿ ಆ ಮಟ್ಟಕ್ಕಿಂತ ಒಣಗುವುದು ಅಪರೂಪ. ಹೀಗಾಗಿ ಒಂದೇ ವರ್ಷ ತಯಾರಾದ ಎರಡು ಕಾರುಗಳಲ್ಲಿ ಅಥಣಿಯದು ಗಟ್ಟಿಯಾಗಿದ್ದು, ಖಾನಾಪುರ ತಾಲ್ಲೂಕಿನ ಜಾಂಬೋಟಿಯದು ಬುಡದಿಂದ ಸವೆದಿರುವುದು ಸಹಜ.

ಈ ಪ್ರದೇಶ 1956ರವರೆಗೆ ಮುಂಬೈ ರಾಜ್ಯದಲ್ಲಿತ್ತು. ಆಮೇಲೂ ಮುಂಬೈ, ಪುಣೆ, ಕೊಲ್ಹಾಪುರಗಳ ಜೊತೆಗಿನ ವ್ಯಾಪಾರ ಕಡಿಯಲಿಲ್ಲ. ಮುಂಬೈಯ ಕುರ್ಲಾದಲ್ಲಿ 1964ರಿಂದ ತಯಾರಾದ ಫಿಯಟ್ 1100 ಡಿಲೈಟ್, ಮುಂದೆ ಪ್ರೀಮಿಯರ್ ಪದ್ಮಿನಿ ಎಂದು ಹೆಸರಾದ ಕಾರು, ಆ ಕಾಲದ ಸಣ್ಣ ಕಾರು. ಅದರ ತಗಡು ದಪ್ಪ, ಆದರೆ ತುಕ್ಕು ತಡೆಯುವ ಲೇಪ ಸಾಧಾರಣ. ಗಾಜಿನ ಸುತ್ತಲಿನ ರಬ್ಬರ್ ಬೀಡಿಂಗ್ ಬಿಸಿಲಿಗೆ ಗಡುಸಾಗಿ ಮೂಲೆಗಳಲ್ಲಿ ಸೀಳುತ್ತಿತ್ತು, ಬಾಗಿಲ ತಳ ಮತ್ತು ರನ್ನಿಂಗ್ ಬೋರ್ಡ್ ಮೊದಲು ಕೊಳೆಯುತ್ತಿದ್ದವು. ಮಳೆಗಾಲಕ್ಕೆ ಮುಂಚೆ ಗಾಡಿಯ ಅಡಿಗೆ ಸುಟ್ಟ ಎಂಜಿನ್ ಆಯಿಲ್ ಬಳಿಯುವುದೇ ಅಂದಿನ ಅಗ್ಗದ ರಕ್ಷಣೆ. ಅದು ರಬ್ಬರನ್ನು ಕೆಡಿಸುತ್ತದೆ, ನೆಲವನ್ನು ಹೊಲಸು ಮಾಡುತ್ತದೆ. ಆದರೂ ತಗಡಿಗೆ ಒಂದು ಪದರ ಕೊಡುತ್ತಿದ್ದುದಂತೂ ನಿಜ.

1983ರ ಡಿಸೆಂಬರ್ 14ರಂದು ಮೊದಲ ಮಾರುತಿ 800 ಗ್ರಾಹಕರ ಕೈ ಸೇರಿದ ಮೇಲೆ ಲೆಕ್ಕವೇ ಬದಲಾಯಿತು. 796 ಸಿಸಿಯ ಮೂರು ಸಿಲಿಂಡರ್, 12 ಇಂಚಿನ ಚಕ್ರ, ಸುಮಾರು 650 ಕಿಲೋ ತೂಕ. ಇಷ್ಟು ಹಗುರವಾಗಲು ತಗಡು ತೆಳ್ಳಗಾಗಲೇಬೇಕಿತ್ತು. ಪ್ರತ್ಯೇಕ ಚಾಸಿ ಇಲ್ಲದ ಈ ಕಾರಿನಲ್ಲಿ ನೆಲ, ರನ್ನಿಂಗ್ ಬೋರ್ಡ್, ಕಂಬ, ಮಾಡು ಎಲ್ಲವೂ ಸೇರಿ ಭಾರ ಹೊರುತ್ತವೆ. ಆದ್ದರಿಂದ ರನ್ನಿಂಗ್ ಬೋರ್ಡಿನಲ್ಲಿ ಬಿದ್ದ ತೂತು ನೋಟಕ್ಕೆ ಸಣ್ಣದಾದರೂ ಬಲಕ್ಕೆ ದೊಡ್ಡ ಪೆಟ್ಟು. ತೆಳು ತಗಡು ಹಿಂದಿನಿಂದ ಸವೆಯುತ್ತ ಬಂದು, ಹೊರಗಿನ ಬಣ್ಣ ಗುಳ್ಳೆಯೆದ್ದಾಗಲೇ ಮಾಲೀಕರಿಗೆ ಸುಳಿವು ಸಿಗುತ್ತಿತ್ತು. ಅಷ್ಟರಲ್ಲಿ ಒಳಗೆ ಉಳಿದಿರುತ್ತಿದ್ದುದು ಜಂಗಿನ ಪದರ ಮಾತ್ರ.

ಕಾರಿನೊಳಗೆ ನೀರು ಎಲ್ಲೂ ಇಳಿಯಲೇಬಾರದು ಎಂಬ ತಪ್ಪು ತಿಳಿವಳಿಕೆ ಇಲ್ಲಿ ಬಹುಕಾಲ ಉಳಿದಿದೆ. ನಿಜವಾಗಿ ಕಾರು ನೀರನ್ನು ಪೂರ್ತಿ ಹೊರಗಿಡುವಂತೆ ಕಟ್ಟಿದ್ದಲ್ಲ. ಕೆಲವು ಕಡೆ ಒಳಬಿಟ್ಟು, ದಾರಿ ತೋರಿಸಿ, ಹೊರಹಾಕುವಂತೆ ಕಟ್ಟಿದ್ದು. ಬಾಗಿಲ ಗಾಜಿನ ಮೇಲೆ ಹರಿದ ಮಳೆನೀರು ಅಂಚಿನ ರಬ್ಬರ್ ದಾಟಿ ಬಾಗಿಲ ಹೊಟ್ಟೆಗೇ ಇಳಿಯುತ್ತದೆ. ತಳದಲ್ಲಿ ಅದಕ್ಕೆಂದೇ ಸೀಳುಕಿಂಡಿಗಳಿವೆ. ಒಳಗಿನ ಪ್ಯಾಡಿನ ಹಿಂದೆ ಅಂಟಿಸಿದ ಪ್ಲಾಸ್ಟಿಕ್ ಹಾಳೆ ಆ ನೀರು ಕೂರುವ ಜಾಗಕ್ಕೆ ಬಾರದಂತೆ ತಡೆಯುತ್ತದೆ. ವೈಪರ್ ಬುಡದ ಜಾಲರಿಯ ಕೆಳಗೂ ಅಂಥದೇ ಒಂದು ತೊಟ್ಟಿ; ಎರಡೂ ತುದಿಗಳಿಂದ ನೀರು ಮಡ್‌ಗಾರ್ಡ್ ಒಳಗಡೆ ಬಿದ್ದು ನೆಲ ಸೇರುತ್ತದೆ. ಖಾನಾಪುರ ಸೀಮೆಯ ಕೆಮ್ಮಣ್ಣಿನ ಧೂಳು ಬೇಸಿಗೆಯಲ್ಲಿ ಈ ಕಿಂಡಿಗಳನ್ನೆಲ್ಲ ತುಂಬುತ್ತದೆ, ಮೊದಲ ಮಳೆಗೆ ಕೆಸರಾಗಿ ಕೂರುತ್ತದೆ. ಬೆಳಗಾವಿಯ ಕ್ಯಾಂಪ್ ಪ್ರದೇಶದ ದೊಡ್ಡ ಮರಗಳ ಕೆಳಗೆ ನಿಲ್ಲುವ ಗಾಡಿಗಳಲ್ಲಿ ಅದೇ ಕೆಲಸವನ್ನು ಎಲೆಗಳು ಮಾಡುತ್ತವೆ. ತೊಟ್ಟಿ ತುಂಬಿದರೆ ನೀರು ಗಾಳಿಯ ದಾರಿಯಲ್ಲಿ ಬ್ಲೋವರ್‌ಗೆ ನುಗ್ಗಿ, ಚಾಲಕನ ಪಕ್ಕದ ಸೀಟಿನವರ ಕಾಲಡಿಗೆ ಇಳಿಯುತ್ತದೆ. ಮಾಲೀಕರು ಗಾಜಿನ ಬೀಡಿಂಗ್‌ಗೆ ಸಿಲಿಕಾನ್ ಹಚ್ಚಿಸುತ್ತಾರೆ, ಸೋರಿಕೆ ನಿಲ್ಲುವುದಿಲ್ಲ. ಒಂದು ಹಿಡಿ ಎಲೆ ತೆಗೆದರೆ ಮುಗಿಯುವ ಕೆಲಸಕ್ಕೆ ಗಾಜನ್ನೇ ಬಿಚ್ಚಿಸುವುದೂ ಉಂಟು.

ಬಾಗಿಲ ವಿಷಯದಲ್ಲಿ ಮನುಷ್ಯರ ಕೈಯೇ ಹೆಚ್ಚು ಕೆಡಿಸಿದೆ. 1990ರ ದಶಕದಲ್ಲಿ ಸ್ಪೀಕರ್, ಸೆಂಟ್ರಲ್ ಲಾಕ್, ಪವರ್ ವಿಂಡೋಗಳನ್ನು ಹೊರಗಿನ ಅಂಗಡಿಗಳಲ್ಲಿ ಕೂರಿಸುವ ರೂಢಿ ಬೆಳೆಯಿತು. ಪ್ಯಾಡ್ ಬಿಚ್ಚಿದಾಗ ಹರಿದ ಪ್ಲಾಸ್ಟಿಕ್ ಹಾಳೆಯನ್ನು ಮತ್ತೆ ಅಂಟಿಸುವವರು ಕಡಿಮೆ. ನಾಲ್ಕೈದು ಮಳೆಗಾಲ ಕಳೆದ ಮೇಲೆ ಆ ಗಾಡಿಯನ್ನು ಕೊಂಡವರಿಗೆ ನೆಲಹಾಸು ಏಕೆ ಒದ್ದೆ ಎಂಬುದೇ ತಿಳಿಯುವುದಿಲ್ಲ.

ಕೈಬದಲಾದ ಕಾರುಗಳ ಹರಿವಿಗೂ ಇಲ್ಲಿ ತನ್ನದೇ ಚರಿತ್ರೆಯಿದೆ. ಮಾರುತಿ ಕಂಪನಿ 2001ರಲ್ಲಿ ಟ್ರೂ ವ್ಯಾಲ್ಯೂ ಮಳಿಗೆಗಳನ್ನು ಆರಂಭಿಸುವ ಮೊದಲು ಈ ವ್ಯಾಪಾರ ಏಜೆಂಟರದು, ಗ್ಯಾರೇಜಿನವರದು. ಪಕ್ಕದ ಮಹಾರಾಷ್ಟ್ರ, ಗೋವಾಗಳಿಂದ ಬಂದ ಗಾಡಿಗಳು ಎನ್ಒಸಿ ತಂದು, ತೆರಿಗೆ ಕಟ್ಟಿ ಬೆಳಗಾವಿಯ ಕೆಎ–22 ನೋಂದಣಿ ಪಡೆಯುತ್ತವೆ. ಗೋವಾದ ಕರಾವಳಿಯಲ್ಲಿ ಓಡಿದ ಗಾಡಿಗೆ ಮಳೆಯ ಜೊತೆ ಉಪ್ಪುಗಾಳಿಯ ಪೆಟ್ಟೂ ಇರುತ್ತದೆ. ಉಪ್ಪು ತೇವವನ್ನು ಹಿಡಿದಿಟ್ಟು ತುಕ್ಕನ್ನು ಬೇಗ ಹಬ್ಬಿಸುತ್ತದೆ. 2005ರ ಜುಲೈ 26ರಂದು ಮುಂಬೈಯ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿದು ಅಸಂಖ್ಯ ಕಾರುಗಳು ಮುಳುಗಿದವು. ನೆರೆಯಲ್ಲಿ ನೆನೆದ ಗಾಡಿ ಒಣಗಿ, ತೊಳೆದು, ಬಣ್ಣ ಹೊಡೆಸಿಕೊಂಡು ದೂರದ ಊರಿಗೆ ಮಾರಾಟವಾಗುವ ಅಪಾಯ ಎಲ್ಲೆಡೆ ಇದ್ದದ್ದೇ. 2019ರ ಆಗಸ್ಟ್‌ನಲ್ಲಿ ಬೆಳಗಾವಿ ಜಿಲ್ಲೆಯೇ ನೆರೆಗೆ ಸಿಕ್ಕಿದಾಗ ಆ ಅಪಾಯ ಮನೆಯಂಗಳಕ್ಕೇ ಬಂತು. ಅಂಥ ಗಾಡಿಯ ಗುರುತು ಬಣ್ಣದಲ್ಲಿ ಸಿಗುವುದಿಲ್ಲ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದರೆ ಕಾಣುವ ಕೆಸರಿನ ಗೆರೆ, ಸೀಟಿನ ಹಳಿಗಳ ಮೇಲಿನ ಜಂಗು, ಸ್ಟೆಪ್ನಿ ಗುಂಡಿಯ ತಳದ ಒಂಡು, ಡ್ಯಾಶ್‌ಬೋರ್ಡಿನ ಕೆಳಗಿನ ವೈರುಗಳ ಹಸಿರು ಕಿಲುಬು — ಸತ್ಯ ಹೇಳುವುದು ಇವು.

ದುರಸ್ತಿಯ ಕಸುಬು ಇಲ್ಲಿ ಬೇರೂರಿದ್ದು ಆಕಸ್ಮಿಕವಲ್ಲ. ಉದ್ಯಮಬಾಗದ ಫೌಂಡ್ರಿಗಳು, ಮಷಿನ್ ಶಾಪುಗಳು, ಹೈಡ್ರಾಲಿಕ್ ಬಿಡಿಭಾಗಗಳ ಕಾರ್ಖಾನೆಗಳು ಬೆಳಗಾವಿಯಲ್ಲಿ ಲೋಹದ ಕೆಲಸ ಬಲ್ಲ ಕೈಗಳನ್ನು ಬೆಳೆಸಿವೆ. ಕನ್ನಡ, ಮರಾಠಿ, ಉರ್ದು ಬೆರೆತ ಮಾತಿನ ಟಿಂಕರಿಂಗ್ ಗ್ಯಾರೇಜುಗಳಲ್ಲಿ ಪಳಗಿದ ಟಿಂಕರ್ ಜಜ್ಜಿದ ತಗಡನ್ನು ಸುತ್ತಿಗೆ ಮತ್ತು ಡಾಲಿಯಿಂದ (ತಗಡಿನ ಹಿಂದೆ ಒತ್ತಿಹಿಡಿಯುವ ಉಕ್ಕಿನ ಗಟ್ಟಿ) ಮೊದಲಿನ ಆಕಾರಕ್ಕೆ ತರುವುದು ನಿಜವಾದ ಕಲೆ. ಆದರೆ ಗ್ಯಾಸ್ ವೆಲ್ಡಿಂಗ್ ದಪ್ಪ ತಗಡಿಗೆ ಒಗ್ಗಿದಂತೆ ಮಾರುತಿಯ ತೆಳು ತಗಡಿಗೆ ಒಗ್ಗಲಿಲ್ಲ. ಬೆಂಕಿಯ ಶಾಖಕ್ಕೆ ಅದು ಅಲೆಯಲೆಯಾಗಿ ಏಳುತ್ತಿತ್ತು, ಸುತ್ತಲಿನ ರಕ್ಷಣಾ ಲೇಪವೂ ಸುಡುತ್ತಿತ್ತು. ಮಿಗ್ ವೆಲ್ಡಿಂಗ್ ಬಂದ ಮೇಲೆ ಆ ತೊಂದರೆ ಇಳಿಯಿತು. ಗ್ರಾಹಕರ ಚೌಕಾಸಿಯಿಂದ ಹುಟ್ಟಿದ ಇನ್ನೊಂದು ಪದ್ಧತಿ ಮಾತ್ರ ಇಂದಿಗೂ ಹಾನಿಕರ: ಕೊಳೆತ ಭಾಗವನ್ನು ಕತ್ತರಿಸದೆ ಮೇಲೊಂದು ಪಟ್ಟಿ ಬೆಸೆಯುವುದು, ಅಥವಾ ತೂತಿಗೆ ಎಂ–ಸೀಲ್ ತುಂಬಿ ಪುಟ್ಟಿ ಸವರಿ ಬಣ್ಣ ಹೊಡೆಯುವುದು. ಪುಟ್ಟಿ ನೀರು ಹೀರುತ್ತದೆ, ಅದರಡಿಯ ಜಂಗು ಉಬ್ಬುತ್ತದೆ, ಹೆಚ್ಚೆಂದರೆ ಎರಡು ಮಳೆಗಾಲದಲ್ಲಿ ಗುಳ್ಳೆ ಮತ್ತೆ ಎದ್ದು ಬರುತ್ತದೆ. ಇಂಥ ಮೇಲ್ಪೂಸಿನ ಕೆಲಸ ಮಾರುವವರಿಗೆ ಲಾಭ, ಕೊಳ್ಳುವವರಿಗೆ ಮೋಸ. ಒಂದು ಸಣ್ಣ ಅಯಸ್ಕಾಂತ ಇದನ್ನು ಬಯಲುಮಾಡುತ್ತದೆ. ಪುಟ್ಟಿ ದಪ್ಪವಾಗಿರುವಲ್ಲಿ ಅದು ಹಿಡಿಯುವುದಿಲ್ಲ.

1998ರಲ್ಲಿ ಸ್ಯಾಂಟ್ರೊ, ಇಂಡಿಕಾ, 2005ರಲ್ಲಿ ಸ್ವಿಫ್ಟ್ ಬಂದಂತೆ ನೀರಿನ ದಾರಿಗಳೂ ಬದಲಾದವು. ಗಾಜು ರಬ್ಬರ್ ಬೀಡಿಂಗ್ ಬಿಟ್ಟು ಪಾಲಿಯುರೆಥೇನ್ ಅಂಟಿಗೆ ತಿರುಗಿತು. ಕಾರ್ಖಾನೆಯಲ್ಲಿ ಅಂಟಿಸಿದ್ದು ಸಾಮಾನ್ಯವಾಗಿ ಸೋರುವುದಿಲ್ಲ. ಕಲ್ಲು ಬಡಿದು ಗಾಜು ಬದಲಿಸಿದಾಗ ಪ್ರೈಮರ್ ಹಚ್ಚದೆ, ಅಂಟು ಒಣಗಲು ಬಿಡದೆ ಗಾಡಿ ಹೊರಬಿಟ್ಟರೆ ಸೋರಿಕೆ ಶುರುವಾಗುತ್ತದೆ. ಐದು ಬಾಗಿಲಿನ ಕಾರುಗಳಲ್ಲಿ ಡಿಕ್ಕಿ ಬಾಗಿಲ ಬೀಡಿಂಗ್, ಹಿಂದಿನ ದೀಪಗಳ ಗ್ಯಾಸ್ಕೆಟ್, ಮಾಡಿನ ಬೆಸುಗೆಯ ಮೇಲಿನ ಸೀಲಂಟ್ ಬಿರುಕು ಬಿಟ್ಟು ನೀರು ಸ್ಟೆಪ್ನಿ ಗುಂಡಿಗೆ ಸೇರುತ್ತದೆ. ಎಸಿ ಸಾಮಾನ್ಯವಾದ ಮೇಲೆ ಮಳೆಯಿಲ್ಲದ ಏಪ್ರಿಲ್‌ನಲ್ಲೂ ನೆಲ ಒದ್ದೆಯಾಗತೊಡಗಿತು: ಎಸಿಯ ತಣ್ಣೀರು ಹೊರಹೋಗುವ ಪೈಪ್ ಧೂಳಿನಿಂದ ಕಟ್ಟಿದರೆ ಅದು ಒಳಗೇ ಸುರಿಯುತ್ತದೆ. ಆ ನೀರು ಅಂಟಂಟಾಗಿ ಸಿಹಿ ವಾಸನೆ ಬಂದರೆ ಅದು ಎಸಿಯದಲ್ಲ, ಹೀಟರಿನಿಂದ ಸೋರುವ ಕೂಲಂಟ್.

ನೀರು ಕಂಡ ಜಾಗವೇ ಅದು ನುಗ್ಗಿದ ಜಾಗವಲ್ಲ. ಮಾಡಿನಲ್ಲಿ ಒಳಬಂದದ್ದು ಕಂಬದೊಳಗೆ ಇಳಿದು ಸೀಟಿನಡಿ ಕಾಣಿಸಬಹುದು. ಆದ್ದರಿಂದ ಅನುಭವಿ ಮೆಕ್ಯಾನಿಕ್‌ಗಳು ನೆಲಹಾಸು ತೆಗೆದು ಒಣಗಿಸಿ, ಒಬ್ಬರ ಕೈಗೆ ಟಾರ್ಚ್ ಕೊಟ್ಟು ಒಳಗೆ ಕೂರಿಸಿ, ಹೊರಗಿನಿಂದ ಕೆಳಗಿನ ಭಾಗದಿಂದ ಆರಂಭಿಸಿ ಮೇಲಕ್ಕೆ ಪೈಪಿನಿಂದ ನೀರು ಬಿಡುತ್ತಾರೆ. ಮೇಲಿನಿಂದ ಶುರುಮಾಡಿದರೆ ಎಲ್ಲ ಕಡೆಯೂ ಒಟ್ಟಿಗೆ ನೆನೆದು ಮೂಲ ಸಿಗುವುದಿಲ್ಲ. ಬೀಡಿಂಗ್ ಮೇಲೆ ಪೌಡರ್ ಉದುರಿಸಿದರೆ ನೀರು ಹಾದ ಗೆರೆ ಮೂಡುತ್ತದೆ.

ಖಾನಾಪುರದ ಹಳ್ಳಿಗಳಲ್ಲಿ ಇನ್ನೆರಡು ಕಾರಣಗಳು ಸೇರುತ್ತವೆ. ಶೆಡ್ ಇಲ್ಲದ ಮನೆಗಳಲ್ಲಿ ಗಾಡಿಗೆ ತಾಡಪತ್ರಿ ಬಿಗಿದು ಕಟ್ಟುತ್ತಾರೆ. ಮೇಲಿನ ಮಳೆ ತಪ್ಪುತ್ತದೆ, ನೆಲದಿಂದ ಏಳುವ ಹಬೆ ಒಳಗೇ ಉಳಿಯುತ್ತದೆ. ಭತ್ತದ ಹುಲ್ಲಿನ ಬಣವೆಯ ಪಕ್ಕ ನಿಂತ ಕಾರಿಗೆ ಇಲಿಗಳು ನುಗ್ಗಿ ವೈರಿನ ಜೊತೆ ರಬ್ಬರ್ ಮುಚ್ಚಳಗಳನ್ನೂ ಕಡಿಯುತ್ತವೆ. ಮುಚ್ಚಳ ಹೋದ ನೆಲದ ತೂತುಗಳಿಂದ ಚಕ್ರ ಎರಚಿದ ನೀರು ಮೇಲೇರುತ್ತದೆ.

ಮಾರುತಿ 800ರ ತಯಾರಿಕೆ 2014ರ ಜನವರಿಯಲ್ಲಿ ನಿಂತಿತು. ಖಾಸಗಿ ಕಾರಿನ ನೋಂದಣಿಗೆ 15 ವರ್ಷದ ಅವಧಿ, ಆಮೇಲೆ ತಪಾಸಣೆಯಾಗಿ ಐದೈದು ವರ್ಷ ನವೀಕರಣ ಎಂಬ ನಿಯಮವಿರುವುದರಿಂದ, ಉಳಿದ ಗಾಡಿಗಳಿಗೆ ಆ ಹೊತ್ತಿನಲ್ಲೇ ನೆಲ ಮತ್ತು ರನ್ನಿಂಗ್ ಬೋರ್ಡಿನ ದೊಡ್ಡ ಕೆಲಸ ಬರುತ್ತದೆ. ಈಗಿನ ಸಣ್ಣ ಕಾರುಗಳಲ್ಲಿ ಸತುವಿನ ಲೇಪದ ಉಕ್ಕು, ಪ್ಲಾಸ್ಟಿಕ್ ಒಳ ಮಡ್‌ಗಾರ್ಡ್ ಹೆಚ್ಚಾಗಿ ತುಕ್ಕು ತಡವಾಗಿದೆ. ಆದರೆ ನೆಲಹಾಸಿನಡಿ ವೈರಿಂಗ್ ಜೋಡಣೆಗಳು, ಏರ್‌ಬ್ಯಾಗ್ ಸಂಪರ್ಕಗಳು ಹಾಯುತ್ತವೆ. ಮೊದಲು ತಗಡನ್ನು ತಿನ್ನಲು ವರ್ಷಗಳೇ ಬೇಕಿದ್ದ ನೀರು ಇಲ್ಲಿ ಕೆಲವೇ ವಾರಗಳಲ್ಲಿ ಪಿನ್ನುಗಳಿಗೆ ಕಿಲುಬು ಹಿಡಿಸಿ ಎಚ್ಚರಿಕೆ ದೀಪ ಹೊತ್ತಿಸುತ್ತದೆ. ಟಿಂಕರ್ ನೋಡುತ್ತಿದ್ದ ಸೋರಿಕೆ ಈಗ ಆಟೊ ಎಲೆಕ್ಟ್ರಿಷಿಯನ್‌ನ ಕೆಲಸವೂ ಆಗಿದೆ.